ಕೆಸರಿನ ಗಾಡಿಗೆ ಡಾಂಬರಿನ ವಿಮೆ

ಕಳೆದ ತಿಂಗಳು ಸಂಘದ ಸಭೆ ಮುಗಿದು ಎಲ್ಲರೂ ಕಾಫಿಯ ಲೋಟ ಹಿಡಿದು ನಿಂತಿದ್ದಾಗ ಹಿರಿಯರೊಬ್ಬರು ಆಡಿದ ಮಾತು ಈ ಲೇಖನಕ್ಕೆ ಕಾರಣ. ಮಾತು ಹೊರಟದ್ದು ನಮ್ಮ ಮಗನ ಮೋಟಾರ್‌ಸೈಕಲಿನ ಮೇಲೆ. “ಕಲ್ಲು ಮುಳ್ಳಿನಲ್ಲಿ ಓಡಿಸೋ ಗಾಡಿಗೆ ವಿಮೆ ಯಾಕ್ರೀ? ಬಿದ್ದವನು ಕೈಯಿಂದ ಕೊಡಲಿ. ಪೋಲೀಸಿನವನಿಗೆ ತೋರಿಸೋಕೆ ಎಲ್ಲಕ್ಕಿಂತ ಅಗ್ಗದ ಕಾಗದ ಒಂದಿದ್ದರೆ ಸಾಕು” ಎಂದರು. ಸುತ್ತ ಇದ್ದ ನಾಲ್ಕಾರು ಮಂದಿ ತಲೆದೂಗಿದರು. ನಾವು ಅಂದು ಸುಮ್ಮನಿದ್ದೆವು. ಹಿರಿಯರ ಮಾತಿಗೆ ನಿಂತಲ್ಲೇ ಎದುರಾಡುವುದು ನಮಗೆ ರೂಢಿಯಿಲ್ಲ. ಬರೆದು ಆಡುವುದು ರೂಢಿಯಿದೆ. ಅವರು ಮನ್ನಿಸಬೇಕು.

ಮೊದಲು ಗಾಡಿ ಯಾವುದೆಂದು ಹೇಳಿಬಿಡುತ್ತೇವೆ. ಎತ್ತರದ ಸೀಟು, ಮುಂದೆ ದೊಡ್ಡ ಚಕ್ರ, ಗಂಟುಗಂಟಾದ ಟೈರು, ನೆಲದಿಂದ ಮೇಲೆದ್ದ ಇಂಜಿನ್ನು. ಮಣ್ಣಿನ ಹಾದಿಗೂ ಹಳ್ಳದ ದಾಟಿಗೂ ಮಾಡಿದ್ದು. ಹಾಗೆಂದು ಇದು ಪಂದ್ಯದ ಗಾಡಿಯಲ್ಲ. ಪಂದ್ಯದ ಗಾಡಿಗೆ ದೀಪವಿಲ್ಲ, ನಂಬರಿಲ್ಲ. ಅದನ್ನು ಟೆಂಪೋದಲ್ಲಿ ಹೇರಿಕೊಂಡು ಮೈದಾನಕ್ಕೆ ಒಯ್ಯುತ್ತಾರೆ. ನಮ್ಮ ಮಗನದು ಆರ್‌ಟಿಒ ಕಛೇರಿಯಲ್ಲಿ ನೋಂದಣಿಯಾದ, ರಸ್ತೆ ತೆರಿಗೆಯನ್ನು ಒಂದೇ ಗಂಟಿನಲ್ಲಿ ಕಟ್ಟಿದ, ನಂಬರು ಫಲಕ ಹೊತ್ತ 200 ಸಿ.ಸಿ. ಗಾಡಿ. ವಾರದ ದಿನ ಅದೇ ಗಾಡಿಯಲ್ಲಿ ಪುಣೆಯ ಕಛೇರಿಗೆ ಹೋಗುತ್ತಾನೆ, ಶನಿವಾರ ಮುಳಶಿ, ತಾಮ್ಹಿಣಿ ಕಡೆಗೆ ತಿರುಗಿಸುತ್ತಾನೆ, ವರ್ಷಕ್ಕೊಮ್ಮೆ ತೀರ್ಥಹಳ್ಳಿಯ ಬಳಿಯ ನಮ್ಮ ಊರಿಗೂ ಹೋಗಿಬರುತ್ತಾನೆ. ಊರಿನ ಮನೆಗೆ ಕೊನೆಯ ಎರಡು ಮೈಲಿ ಇಂದಿಗೂ ಮಣ್ಣಿನ ದಾರಿಯೇ. ಆ ಹಾದಿಯಲ್ಲಿ ನಮ್ಮ ತಂದೆಯವರು ಎತ್ತಿನ ಗಾಡಿ ಹೊಡೆದರು, ನಾವು ಸೈಕಲು ತಳ್ಳಿದೆವು. ಅವನು ಮೋಟಾರ್‌ಸೈಕಲು ಓಡಿಸಿದರೆ ಅದೇಕೆ ಪುಂಡಾಟಿಕೆಯಾಯಿತೋ ನಮಗೆ ತಿಳಿಯದು.

ಈಗ “ಎಲ್ಲಕ್ಕಿಂತ ಅಗ್ಗದ ಕಾಗದ”ದ ವಿಚಾರ. ಅಂಥ ಕಾಗದವೇ ಇಲ್ಲ, ಬಂಧುಗಳೇ. 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು. ಎಂದರೆ ನಮ್ಮ ಗಾಡಿಯಿಂದ ಹೊರಗಿನವರಿಗೆ ಆಗುವ ಹಾನಿಗೆ ಕೊಡುವ ರಕ್ಷಣೆಯನ್ನು. ಇದರ ದರವನ್ನು ಕಂಪನಿಗಳು ಇಡುವುದಿಲ್ಲ, ಸರಕಾರ ಗೊತ್ತುಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿ.ಸಿ.ವರೆಗಿನ ಗಾಡಿಗೆ ವರ್ಷಕ್ಕೆ 714 ರೂಪಾಯಿ, 150 ದಾಟಿ 350ರವರೆಗೆ 1,366, ಅದಕ್ಕೂ ಮೇಲಿನದಕ್ಕೆ 2,804. ಯಾವ ಕಂಪನಿಯ ಬಾಗಿಲಿಗೆ ಹೋದರೂ ಇದರಲ್ಲಿ ಒಂದು ರೂಪಾಯಿಯ ಚೌಕಾಸಿಯಿಲ್ಲ. 2018ರ ಸೆಪ್ಟೆಂಬರಿನಿಂದ, ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಮೊದಲ ದಿನವೇ ಕೊಳ್ಳಬೇಕು. ನಮ್ಮ ಮಗ 2022ರ ಆಗಸ್ಟಿನಲ್ಲಿ ಗಾಡಿ ತೆಗೆದುಕೊಂಡಾಗ ಇದಕ್ಕೇ 7,365 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ. ಕಾಯಿದೆಯೇ ಕೊಳ್ಳೆಂದು ಹೇಳಿದ ವಸ್ತುವಿಗೆ, ಕಾಯಿದೆಯೇ ಬೆಲೆ ಕಟ್ಟಿ, ಅದರ ಮೇಲೆ ತೆರಿಗೆಯನ್ನೂ ಹಾಕುವುದು ಯಾವ ನ್ಯಾಯವೆಂದು ನಾವು ಕೇಳಿದರೆ ತಪ್ಪಾಗಲಾರದು.

ಆ ಪಟ್ಟಿಯಲ್ಲೇ ಇನ್ನೊಂದು ವಕ್ರತೆಯಿದೆ. ಅದು ಗಾಡಿಯ ಶಕ್ತಿಯನ್ನು ನೋಡುವುದಿಲ್ಲ, ಸಿಲಿಂಡರಿನ ಅಳತೆಯನ್ನು ಮಾತ್ರ ನೋಡುತ್ತದೆ. 2016ರಲ್ಲಿ ಬಂದ ಹಿಮಾಲಯನ್ ಎಂಬ ಗಾಡಿ 411 ಸಿ.ಸಿ.ಯದು; ಶಕ್ತಿ 24 ಅಶ್ವಶಕ್ತಿ ಚಿಲ್ಲರೆ. 2022ರ ಜನವರಿಯಲ್ಲಿ ಯೆಜ್ಡಿ ಅಡ್ವೆಂಚರ್ ಬಂತು. ಯೆಜ್ಡಿ ಎಂದರೆ ನಮ್ಮ ವಯಸ್ಸಿನವರ ಕಿವಿ ನೆಟ್ಟಗಾಗುತ್ತದೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟ ಹೆಸರಲ್ಲವೇ! ಅದು 334 ಸಿ.ಸಿ., ಶಕ್ತಿ 30ರ ಸಮೀಪ. ಎರಡೂ ಒಂದೇ ಬಗೆಯ ಹಾದಿಗೆ ಮಾಡಿದವು. ಆದರೆ ಕಡಿಮೆ ಶಕ್ತಿಯ ಗಾಡಿ 2,804 ಕೊಡಬೇಕು, ಹೆಚ್ಚು ಶಕ್ತಿಯದು 1,366 ಕೊಟ್ಟರೆ ಆಯಿತು. ಹಳ್ಳಿಯ ದಾರಿಯಲ್ಲಿ ನಿಧಾನವಾಗಿ ಏರಲೆಂದು ಮಾಡಿದ ದೊಡ್ಡ ಇಂಜಿನ್ನಿಗೆ ಈ ಪಟ್ಟಿಯಲ್ಲಿ ದಂಡ. ಗಾಡಿ ಕೊಳ್ಳುವ ಮುನ್ನ ಬಣ್ಣ ನೋಡುವ ನಮ್ಮ ಮಕ್ಕಳು ಈ 350ರ ಗೆರೆಯನ್ನೂ ನೋಡಲಿ.

ಹಾಗಾದರೆ ಅಗ್ಗ ದುಬಾರಿಯ ಮಾತು ಎಲ್ಲಿ ಹುಟ್ಟುತ್ತದೆ? ನಮ್ಮ ಸ್ವಂತ ಗಾಡಿಗೆ ಆಗುವ ಹಾನಿಯ ಭಾಗದಲ್ಲಿ. 2007ರಿಂದ ಇದರ ದರ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. ಎಲ್ಲ ಆಟವೂ ನಡೆಯುವುದು ಇಲ್ಲಿ, ಸೋಲುವವರು ನಾವು.

ಆಟ ಶೋರೂಮಿನಲ್ಲೇ ಶುರು. ಗೋಡೆಯ ತುಂಬ ಚಿತ್ರ: ಕೆಸರು ಚಿಮ್ಮಿಸುತ್ತ ಹಳ್ಳ ದಾಟುವ ಗಾಡಿ, ಬಂಡೆ ಹತ್ತುವ ಗಾಡಿ. ಚಿತ್ರದ ಕೆಳಗಿನ ಮೇಜಿನಲ್ಲಿ ವಿಮೆಯ ಕಾಗದ. “ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಬೇಕು ಸಾರ್, ಇಲ್ಲದಿದ್ದರೆ ಡೆಲಿವರಿ ತಡವಾಗುತ್ತೆ” ಎಂದರು. ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ವಾಹನ ಮಾರಾಟಗಾರರಿಗೆ ನಿಯಮ ಮಾಡಿ, ಗಿರಾಕಿ ತನಗೆ ಬೇಕಾದ ಕಡೆ ವಿಮೆ ಕೊಳ್ಳಬಹುದು, ಬಲವಂತ ಕೂಡದು ಎಂದಿದೆ. ಇದು ನಮಗೆ ತಿಳಿದದ್ದು ಎರಡು ವರ್ಷದ ನಂತರ. ಅಂದು ಮಗನ ಮುಖದಲ್ಲಿ ಹಬ್ಬವಿತ್ತು. ಹಾಕೆಂದಲ್ಲಿ ಸಹಿ ಹಾಕಿದೆವು. ಆ ಕಾಗದವನ್ನು ನಾವೂ ಓದಲಿಲ್ಲ, ಅವನೂ ಓದಲಿಲ್ಲ. ಈ ತಪ್ಪು ಪೂರ್ತಿಯಾಗಿ ನಮ್ಮದು.

ಮರುವರ್ಷ ನವೀಕರಣಕ್ಕೆ ಮಗ ಫೋನಿನಲ್ಲಿ ಹುಡುಕಿ ಬಲು ಅಗ್ಗದ ಒಂದನ್ನು ಹಿಡಿದ. ಏಕೆ ಅಗ್ಗವೆಂದು ನೋಡಿದರೆ, ಗಾಡಿಗೆ ಕಟ್ಟಿದ ಬೆಲೆಯನ್ನೇ ಇಳಿಸಿದ್ದರು. ಗಾಡಿ ಕಳವಾದರೆ ಅಥವಾ ಪೂರ್ತಿ ನಾಶವಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಇದು, ಐಡಿವಿ ಎನ್ನುತ್ತಾರೆ. ರೂಢಿಯ ಸವಕಳಿ ಪಟ್ಟಿಯಂತೆ ಒಂದು ವರ್ಷ ದಾಟಿ ಎರಡರೊಳಗಿನ ಗಾಡಿಗೆ ಶೇಕಡಾ 20 ಕಳೆಯಬೇಕು. 1,30,000ದ ಗಾಡಿಗೆ 1,04,000 ಬರಬೇಕಾದಲ್ಲಿ 78,000 ಎಂದು ಬರೆದಿತ್ತು. ಉಳಿದದ್ದು ವರ್ಷಕ್ಕೆ ನಾನೂರು ರೂಪಾಯಿಗೂ ಕಡಿಮೆ. ಮುಂಬಯಿ ಪುಣೆಗಳಲ್ಲಿ ಕಟ್ಟಡದ ಕೆಳಗೆ ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಇರುತ್ತದೆಂದು ಯಾರು ಬರೆದುಕೊಟ್ಟಾರು? ನಾನೂರಕ್ಕೆ ಇಪ್ಪತ್ತಾರು ಸಾವಿರವನ್ನು ಒತ್ತೆಯಿಟ್ಟಂತಾಯಿತು. ಅಗ್ಗವೆಂಬುದು ಹೀಗೆ ಸಿಗುತ್ತದೆ.

ಇನ್ನು 2024ರ ಜುಲೈ ತಿಂಗಳಿನ ಕಥೆ. ಪಂದ್ಯವಲ್ಲ, ಸಾಹಸವೂ ಅಲ್ಲ. ಮುಳಶಿಯ ಆಚೆ ಒಂದು ಹಳ್ಳಿಯ ದಾರಿಯಲ್ಲಿ, ತಗ್ಗು ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬಾತ ಮುಂದೆ ದಾಟಿ ಹೋದ, ಇವನೂ ಇಳಿದ. ನಡುವೆ ಚಕ್ರ ಜಾರಿ ಗಾಡಿ ಮಗುಚಿತು. ದೇವರ ದಯೆ, ಮಗನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಗಾಡಿಯನ್ನು ಎತ್ತಿ ನಿಲ್ಲಿಸಿದವನೇ ಗಾಬರಿಯಲ್ಲಿ ಸ್ಟಾರ್ಟರು ಒತ್ತಿದ. ಇಂಜಿನ್ನಿನೊಳಗೆ ನೀರಿತ್ತು. ಒಳಗಿನ ಕನೆಕ್ಟಿಂಗ್ ರಾಡು ಬಾಗಿತು.

ರಿಪೇರಿಯ ಬಿಲ್ಲು 31,000 ರೂಪಾಯಿ. ಅದರಲ್ಲಿ ಇಂಜಿನ್ನಿನದೇ 22,000. ವಿಮಾ ಕಂಪನಿ ಕೊಟ್ಟದ್ದು 5,200. ಉಳಿದದ್ದಕ್ಕೆ ಬಂದ ಪತ್ರದಲ್ಲಿ ಎರಡು ಕಾರಣ. ಒಂದು: ನೀರು ಹೊಕ್ಕ ಮೇಲೆ ಇಂಜಿನ್ನು ಚಾಲೂ ಮಾಡಿ ಆದ ಹಾನಿ ಅಪಘಾತದ ನೇರ ಹಾನಿಯಲ್ಲ, ಅದರ ಪರಿಣಾಮವಾಗಿ ಆದದ್ದು, ಪಾಲಿಸಿಗೆ ಒಳಪಡದು. ಎರಡು: ವಾಹನವನ್ನು “ರಸ್ತೆಯಿಂದ ಹೊರಗೆ” ಬಳಸಲಾಗಿದೆ.

ಎರಡನೆಯದನ್ನು ಓದಿ ನಮಗೆ ನಿದ್ದೆ ಬರಲಿಲ್ಲ. ರಾತ್ರಿ ಹನ್ನೊಂದರವರೆಗೆ ಕೂತು, ಎರಡು ವರ್ಷ ಮುಟ್ಟದ ಪಾಲಿಸಿಯನ್ನು ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಓದಿದೆವು. ಬಾಡಿಗೆಗೆ ಓಡಿಸಬಾರದು, ಸರಕು ಸಾಗಿಸಬಾರದು, ಸಂಘಟಿತ ಪಂದ್ಯ ಕೂಡದು, ವೇಗಪರೀಕ್ಷೆ ಕೂಡದು, ಬಾಳಿಕೆಯ ಪರೀಕ್ಷಾ ಓಟ ಕೂಡದು ಎಂದು ಇದೆ. ಸರಿ. ಆದರೆ ಮಣ್ಣಿನ ದಾರಿ ಕೂಡದು ಎಂಬ ಮಾತು ಎಲ್ಲಿಯೂ ಇಲ್ಲ. ಪಾಲಿಸಿಯ ವ್ಯಾಪ್ತಿ ಭಾರತ ಎಂದಿದೆ. ಭಾರತದ ಡಾಂಬರು ರಸ್ತೆಗಳು ಎಂದಿಲ್ಲ. ಕಾಯಿದೆಯಲ್ಲಾದರೂ ಸಾರ್ವಜನಿಕ ಸ್ಥಳವೆಂದರೆ, ಹಾದುಹೋಗುವ ದಾರಿಯಾಗಿರಲಿ ಬಿಡಲಿ, ಜನರಿಗೆ ಹೋಗುವ ಹಕ್ಕಿರುವ ರಸ್ತೆ, ಬೀದಿ, ಹಾದಿ ಎಲ್ಲವೂ ಸೇರುತ್ತವೆ. ಹಾಲಿನವನು ದಿನವೂ ದಾಟುವ ಸೇತುವೆ ರಸ್ತೆಯಲ್ಲವೆಂದು ಮುಂಬಯಿಯ ಯಾವುದೋ ಹತ್ತನೆಯ ಮಹಡಿಯಲ್ಲಿ ಕೂತವರು ಹೇಳಿದರೆ ಒಪ್ಪುವುದು ಹೇಗೆ? “ಇದನ್ನು ನಿಷೇಧಿಸುವ ಸಾಲು ಪಾಲಿಸಿಯ ಯಾವ ಪುಟದಲ್ಲಿದೆ, ದಯವಿಟ್ಟು ತಿಳಿಸಿ” ಎಂದು ಒಂದೇ ವಾಕ್ಯದ ಪತ್ರ ಬರೆದೆವು. ಮೂರು ವಾರದ ಮೇಲೆ ಬಂದ ಉತ್ತರದಲ್ಲಿ ಎರಡನೆಯ ಕಾರಣ ಮಾಯವಾಗಿತ್ತು. ಕ್ಷಮೆಯ ಮಾತೇನೂ ಇರಲಿಲ್ಲ.

ಮೊದಲನೆಯ ಕಾರಣಕ್ಕೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ. ಅದು ಪಾಲಿಸಿಯಲ್ಲಿ ಇದೆ. ಇಂಜಿನ್ನಿಗೆಂದೇ ಪ್ರತ್ಯೇಕ ರಕ್ಷಣೆಯನ್ನು ಸ್ವಲ್ಪ ಹೆಚ್ಚು ಹಣ ಕೊಟ್ಟು ಸೇರಿಸಿಕೊಳ್ಳಬಹುದಾಗಿತ್ತು. ಹಾಗೆಯೇ ಪ್ಲಾಸ್ಟಿಕ್ಕು, ರಬ್ಬರಿನ ಭಾಗಗಳಿಗೆ ಶೇಕಡಾ 50 ಸವಕಳಿ ಕಳೆದೇ ಕೊಡುತ್ತಾರೆ. ಈ ಜಾತಿಯ ಗಾಡಿಯಲ್ಲಿ ಬಿದ್ದಾಗ ಮೊದಲು ಮುರಿಯುವುದೇ ಪ್ಲಾಸ್ಟಿಕ್ಕು: ಮಡ್‌ಗಾರ್ಡು, ಕೈಕಾಪು, ಟ್ಯಾಂಕಿನ ಪಕ್ಕದ ರೆಕ್ಕೆ. ಸವಕಳಿಯಿಲ್ಲದ ರಕ್ಷಣೆಯೂ ಸಿಗುತ್ತದೆ. ಹಳ್ಳ ದಾಟುವ ಚಿತ್ರದ ಕೆಳಗೆ ಕೂತು ಗಾಡಿ ಮಾರಿದವರು, ಹಳ್ಳದ ನೀರಿಗೆ ಬೇಕಾದ ಈ ಎರಡರ ಹೆಸರನ್ನೇ ಎತ್ತಲಿಲ್ಲ. ಆಫೀಸಿಗೆ ಹೋಗುವ ಸ್ಕೂಟರಿನ ಪಾಲಿಸಿಯನ್ನೇ ಹೆಸರು ಬದಲಿಸಿ ಕೊಟ್ಟರು. ನಮ್ಮ ತಕರಾರು ಇದು. ಕೆಸರನ್ನು ತೋರಿಸಿ ಗಾಡಿ ಮಾರುವವರು ಕೆಸರಿನ ಮಾತು ಬಂದಾಗ ಡಾಂಬರಿಗೆ ಓಡಿಹೋಗಬಾರದು. ಮಣ್ಣಿನ ಹಾದಿ ಒಳಗೋ ಹೊರಗೋ ಎಂಬುದನ್ನು ಮೊದಲ ಪುಟದಲ್ಲಿ, ಮನೆಯ ಹೆಂಗಸರು ಮಕ್ಕಳು ಓದಿದರೂ ತಿಳಿಯುವ ಹಾಗೆ ಬರೆಯಬೇಕು. ಬರೆದು, ಅದಕ್ಕೆ ತಕ್ಕ ದರ ಕೇಳಲಿ. ಕೊಡುವವರು ಕೊಡುತ್ತೇವೆ, ಬಿಡುವವರು ಬಿಡುತ್ತೇವೆ.

ಬೈಕು ಬೇಡದವರೂ ಈಗ ಹೇಳುವುದನ್ನು ಬಿಡದೆ ಓದಬೇಕೆಂದು ಕೋರುತ್ತೇವೆ. ಇದು ಹಣದ ಮಾತಲ್ಲ.

ನಮ್ಮ ಹೊರನಾಡಿನ ಮನೆಗಳಲ್ಲಿ ಒಂದು ಪದ್ಧತಿಯಿದೆ: ಮಗನಿಗೆ ಗಾಡಿ ಕೊಡಿಸಿದರೂ ನೋಂದಣಿ ಅಪ್ಪನ ಹೆಸರಿನಲ್ಲಿ. ಸಾಲಕ್ಕೆ ಅನುಕೂಲ, ವಿಳಾಸದ ದಾಖಲೆ ಅಪ್ಪನದೇ ಇರುತ್ತದೆ ಎಂದು. ಪಾಲಿಸಿಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ ತಾನೇ ಓಡಿಸುವಾಗ ಮಾತ್ರ. ಅದೂ ಅವನಲ್ಲಿ ಲೈಸೆನ್ಸ್ ಇದ್ದರೆ. ಗಾಡಿ ಅಪ್ಪನ ಹೆಸರಿನಲ್ಲಿದ್ದು, ಮಗ ಓಡಿಸಿ ಏನಾದರೂ ಆದರೆ ಆ 15 ಲಕ್ಷ ಯಾರಿಗೂ ಇಲ್ಲ. ಬಾಯಲ್ಲಿ ಆಡಬಾರದ ಮಾತು, ಆದರೂ ಆಡಿದ್ದೇವೆ. ಮೊಣಕಾಲಿಗೆ ಮುಲಾಮು ಹಚ್ಚುತ್ತ ನಮ್ಮ ಮನೆಯವರು “ಗಾಡಿ ಯಾರ ಹೆಸರಲ್ಲಿದೆ?” ಎಂದು ಕೇಳಿದಾಗ, ಅದು ನಮ್ಮ ಹೆಸರಿನಲ್ಲಿತ್ತು. ಆ ವಾರವೇ ವರ್ಗಾವಣೆಗೆ ಅರ್ಜಿ ಹಾಕಿದೆವು. ಇನ್ನೊಂದು ಕಡೆ, ಒಬ್ಬನ ಹೆಸರಿನಲ್ಲಿ ಸ್ಕೂಟರೂ ಬೈಕೂ ಇದ್ದರೆ ಎರಡಕ್ಕೂ ಈ ಅಪಘಾತ ವಿಮೆಯನ್ನು ಸುಮ್ಮನೆ ಸೇರಿಸುತ್ತಾರೆ. ಒಬ್ಬ ಮನುಷ್ಯನಿಗೆ ಒಂದು ಇದ್ದರೆ ಸಾಕೆಂದು 2019ರಿಂದ ನಿಯಮವೇ ಇದೆ. ಉಳಿತಾಯ ಬೇಕೆನ್ನುವವರು ಅಲ್ಲಿ ಉಳಿಸಲಿ.

ಹಿಂದೆ ಕೂರುವವರ ವಿಷಯವೂ ಅಷ್ಟೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಿದ್ದರೆ ಹಿಂಬದಿಯ ಸವಾರನಿಗೆ ರಕ್ಷಣೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರ ತಿಲಕ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಪೂರ್ಣ ಪಾಲಿಸಿಯಲ್ಲಿ ರಕ್ಷಣೆಯುಂಟೆಂದು 2009ರಲ್ಲಿ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು. ಹಿಂದೆ ಕೂರುವವರು ಯಾರು? ಸೊಸೆ, ತಂಗಿ, ಊರಿನಿಂದ ಕೆಲಸ ಹುಡುಕಿ ಬಂದು ನಮ್ಮಲ್ಲೇ ಇಳಿದುಕೊಂಡ ಅಕ್ಕನ ಮಗ. ಪೋಲೀಸಿನವನಿಗೆ ತೋರಿಸುವ ಕಾಗದ ಸಾಕೆಂದ ಹಿರಿಯರಿಗೆ ಇದು ನಮ್ಮ ಮುಖ್ಯ ಉತ್ತರ. ಆ ಕಾಗದ ಪೋಲೀಸಿನವನಿಗೆ ಸಾಕು, ಅಕ್ಕನಿಗೆ ಸಾಲದು.

ಕರ್ನಾಟಕದಿಂದ ಕೆಎ ನಂಬರಿನ ಗಾಡಿ ತಂದಿರುವ ಹುಡುಗರು ನಮ್ಮಲ್ಲಿ ಬಹಳ. ಇಲ್ಲಿ ಆ ವಿಮೆ ನಡೆಯದೆಂದು ಯಾರೋ ಹೆದರಿಸಿರುತ್ತಾರೆ. ಸುಳ್ಳು; ದೇಶದುದ್ದಕ್ಕೂ ನಡೆಯುತ್ತದೆ. ಹನ್ನೆರಡು ತಿಂಗಳು ದಾಟಿ ಇಲ್ಲೇ ಇದ್ದರೆ ನೋಂದಣಿ ಬದಲಿಸಬೇಕು, ವಿಳಾಸ ಬದಲಾದದ್ದನ್ನು ಕಂಪನಿಗೆ ತಿಳಿಸಬೇಕು, ಅಷ್ಟೇ. ಇನ್ನು ಕೆಲವರು ಮುಂಬಯಿ ಪುಣೆಗಳಲ್ಲಿ ವಿಮೆ ದುಬಾರಿಯೆಂದು ಊರಿನ ವಿಳಾಸದಲ್ಲೇ ಗಾಡಿ ಇಟ್ಟುಕೊಳ್ಳುವ ಬುದ್ಧಿವಂತರು. ಕಂಪನಿಗಳಿಗೆ ಸ್ವಾತಂತ್ರ್ಯ ಬರುವ ಮುಂಚಿನ 2002ರ ದರಪಟ್ಟಿಯಲ್ಲಿ, 150ರಿಂದ 350 ಸಿ.ಸಿ.ಯ ಹೊಸ ಗಾಡಿಗೆ ಮಹಾನಗರದ ದರ ಶೇಕಡಾ 1.793, ಉಳಿದ ಊರುಗಳಿಗೆ 1.760. ಲಕ್ಷ ರೂಪಾಯಿಯ ಗಾಡಿಗೆ ವ್ಯತ್ಯಾಸ ಮೂವತ್ತಮೂರು ರೂಪಾಯಿ. ಎರಡು ಫಿಲ್ಟರ್ ಕಾಫಿಗೂ ಸಾಲದ ಹಣಕ್ಕೆ ವಿಳಾಸದ ಸುಳ್ಳು!

ಹಳೆಯ ಗಾಡಿ ಕೊಂಡವರಿಗೆ ಒಂದು ಮಾತು. ಥರ್ಡ್ ಪಾರ್ಟಿ ಭಾಗ ಹೊಸ ಮಾಲೀಕನಿಗೆ ತಾನಾಗಿ ಬರುತ್ತದೆ, ಆದರೂ ಹದಿನಾಲ್ಕು ದಿನದೊಳಗೆ ಹೆಸರು ಬದಲಿಸಲು ಕಂಪನಿಗೆ ಅರ್ಜಿ ಹೋಗಬೇಕು. ಸ್ವಂತ ಹಾನಿಯ ಭಾಗ ತಾನಾಗಿ ಬರುವುದಿಲ್ಲ. ಹಿಂದಿನ ಮಾಲೀಕನ ಹೆಸರಿನ ಪಾಲಿಸಿ ಹಿಡಿದು ಕ್ಲೇಮಿಗೆ ಹೋದರೆ ಬರಿಗೈ. ಅವನ ನೋ ಕ್ಲೇಮ್ ಬೋನಸ್ಸೂ ಅವನದೇ, ಗಾಡಿಯ ಜೊತೆ ಬಾರದು. ಈ ಬೋನಸ್ಸಿನ ಬಗ್ಗೆ ನಮ್ಮವರಲ್ಲಿ ವಿಪರೀತ ಭಯಭಕ್ತಿ. ಮೊದಲ ವರ್ಷ ಶೇಕಡಾ 20, ಐದು ವರ್ಷಕ್ಕೆ 50 ಎಂದ ಕೂಡಲೇ ಕ್ಲೇಮು ಮಾಡಲು ಕೈನಡುಗುತ್ತದೆ. ಕಾರಿಗಾದರೆ ಸರಿ. ಬೈಕಿನ ಸ್ವಂತ ಹಾನಿಯ ಕಂತು ಒಂದೂವರೆ ಎರಡು ಸಾವಿರವಿದ್ದರೆ ಅದರ ಶೇಕಡಾ 20 ಎಂದರೆ ಮುನ್ನೂರು ನಾನೂರು. ಅದಕ್ಕಾಗಿ ಮೂರು ಸಾವಿರದ ಕ್ಲೇಮು ಬಿಡುವುದು ಲೆಕ್ಕ ಬಲ್ಲವರ ಕೆಲಸವಲ್ಲ. ಕ್ರ್ಯಾಷ್ ಗಾರ್ಡು, ಲಗೇಜು ಕಟ್ಟುವ ಕಂಬಿ ಮುಂತಾದ ಹೊರಗಿನ ಸಾಮಾನನ್ನು ಪಾಲಿಸಿಯಲ್ಲಿ ಬರೆಸದಿದ್ದರೆ ಅದಕ್ಕೂ ಹಣವಿಲ್ಲ. ವಾರಕ್ಕೊಮ್ಮೆ ಮಾತ್ರ ಗಾಡಿ ತೆಗೆಯುವವರು ಓಡಿದಷ್ಟಕ್ಕೆ ಕಂತು ಕಟ್ಟುವ ಪಾಲಿಸಿ ಕೇಳಬಹುದು. 2022ರ ಜುಲೈನಲ್ಲಿ ಪ್ರಾಧಿಕಾರ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ನಿಜವಾದ ಉಳಿತಾಯ ಇಂಥ ಕಡೆ ಇದೆ. ಕೇಳದೆ ಯಾರೂ ಹೇಳುವುದಿಲ್ಲ.

ಕಂಪನಿಯೊಡನೆ ಜಗಳವಾದರೆ ವಕೀಲರ ಬಾಗಿಲಿಗೆ ಓಡಬೇಕಾಗಿಲ್ಲ. ವಿಮಾ ಓಂಬುಡ್ಸ್‌ಮನ್ ಕಛೇರಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ, ಬೆಂಗಳೂರು ಎಲ್ಲ ಕಡೆ ಇದೆ. ಮೊದಲು ಕಂಪನಿಗೇ ದೂರು ಬರೆದು ಒಂದು ತಿಂಗಳು ಕಾಯಬೇಕು. ಅವರು ತಳ್ಳಿಹಾಕಿದ ಒಂದು ವರ್ಷದೊಳಗೆ ಇಲ್ಲಿಗೆ ಬರಬೇಕು. ಶುಲ್ಕವಿಲ್ಲ.

ಬಿದ್ದವನು ಕೈಯಿಂದ ಕೊಡಲಿ ಎಂದರಲ್ಲ, ಕೊಟ್ಟಿದ್ದೇವೆ, 25,800 ರೂಪಾಯಿ. ಬಿದ್ದವನದು ಬಿಡಿ, ಅವನ ಗಾಡಿಗೆ ಸಿಕ್ಕವನದು ಏನು? ಆ ಹಾಲಿನ ಕ್ಯಾನಿನವನಿಗೆ ಚಕ್ರ ತಗುಲಿದ್ದರೆ? ಸಾವು ನೋವಿಗೆ ಥರ್ಡ್ ಪಾರ್ಟಿ ವಿಮೆಯಲ್ಲಿ ಮಿತಿಯಿಲ್ಲ; ಆದರೆ ಅದೂ ಇಲ್ಲದೆ ಹೊರಟವನ ಮೇಲೆ ನ್ಯಾಯಮಂಡಳಿ ಹಾಕುವ ಪರಿಹಾರ ಗಾಡಿಯ ಮಾಲೀಕನ ತಲೆಗೆ, ಎಂದರೆ ಅನೇಕ ಮನೆಗಳಲ್ಲಿ ನಿವೃತ್ತ ಅಪ್ಪನ ತಲೆಗೆ.

ಕಳೆದ ಸಲದ ನವೀಕರಣಕ್ಕೆ ಮುಂಚೆ ನಾವು ಮೂರು ಕಂಪನಿಗಳಿಗೆ ಒಂದೇ ಪತ್ರ ಬರೆದೆವು. ಮಣ್ಣಿನ ಹಾದಿಯಲ್ಲಿ ಬಿದ್ದರೆ ಕೊಡುತ್ತೀರಾ? ನೀರು ಹೊಕ್ಕ ಇಂಜಿನ್ನಿಗೆ ಕೊಡುತ್ತೀರಾ? ಗಾಡಿಯ ಬೆಲೆಯನ್ನು ಎಷ್ಟೆಂದು ಬರೆಯುತ್ತೀರಿ? ಉತ್ತರವನ್ನು ಲಿಖಿತವಾಗಿ ಕೊಡಿ ಎಂದೆವು. ಎರಡು ಕಂಪನಿಗಳು ಕೊಟ್ಟವು. ಅವುಗಳಲ್ಲಿ ಒಂದನ್ನು ಆರಿಸಿಕೊಂಡೆವು, ಹಿಂದಿಗಿಂತ 640 ರೂಪಾಯಿ ಹೆಚ್ಚಾಯಿತು. ಮೂರನೆಯದು “ನಮ್ಮ ಪ್ರತಿನಿಧಿ ತಮ್ಮನ್ನು ಶೀಘ್ರದಲ್ಲೇ ಸಂಪರ್ಕಿಸುತ್ತಾರೆ” ಎಂದು ಬರೆದಿತ್ತು. ಆ ಪ್ರತಿನಿಧಿ ವಾರಕ್ಕೆರಡು ಬಾರಿ ಫೋನು ಮಾಡುತ್ತಾರೆ, ಕಾರು ಕೊಳ್ಳುವ ಯೋಚನೆಯಿದೆಯೇ ಎಂದು ವಿಚಾರಿಸುತ್ತಾರೆ. ಹಳ್ಳದ ನೀರಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.